ಹಳೆ ಹೆಂಚಿಗೆ ಜೋಡಿ

ಜಪಾನಿ ಕಂಪನಿಯವರು ಬೈದು ಕಳಿಸಿದ್ದರೆ ಶ್ರೀಕಂಠನಿಗೆ ಅಷ್ಟು ಉರಿಯುತ್ತಿರಲಿಲ್ಲ. ಎದ್ದು ನಿಂತು, ಸೊಂಟ ಬಗ್ಗಿಸಿ, ಏಳು ವರ್ಷದ ದುಡಿಮೆಗೆ ಅರಿಗಾತೋ ಎಂದು ವಂದಿಸಿ, ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ ಎಂದಿದ್ದರು. ಭೂಕಂಪದ ವಾರ ಜೊತೆಯವರೆಲ್ಲ ಸಿಕ್ಕ ವಿಮಾನ ಹತ್ತಿ ಬೆಂಗಳೂರಿಗೆ ಓಡಿದಾಗ ಆಫೀಸು ಕಾದವನು ಅವನೊಬ್ಬನೇ. ಎರಡೇ ವರ್ಷಕ್ಕೆ ಅದು ಯಾರಿಗೂ ನೆನಪಿರಲಿಲ್ಲ. ವೀಸಾ ಮುಗಿಯಲು ಐದು ತಿಂಗಳಿತ್ತು. ಅಷ್ಟರಲ್ಲಿ ಕೆಲಸ ಸಿಗದಿದ್ದರೆ ಎಡೋಗಾವಾದ ಮನೆ ಖಾಲಿ ಮಾಡಿ ಹೊರಡಬೇಕು. ಒಂಬತ್ತು ವರ್ಷದ ಮಗಳು ಹಂಸಾ ಅನ್ನ ಕಲಸುತ್ತಲೇ ಜಪಾನಿ ಭಾಷೆಯಲ್ಲಿ ಹೇಳಿದ್ದಳು: ನೀವಿಬ್ಬರೂ ಹೋಗಿ, ನಾನು ಇಲ್ಲೇ ಇರುತ್ತೇನೆ.

ಕಾರ್ಡಿನ ಸುದ್ದಿ ತಂದವಳು ಹೆಂಡತಿ ವಸುಂಧರಾ.

"ರೀ, ವಾರ್ಡ್ ಆಫೀಸ್ ಬೋರ್ಡಲ್ಲಿ ಹೆಂಚು ಹೊದಿಸೋ ಅಜ್ಜ ಒಬ್ರು ಕಾರ್ಡ್ ಹಾಕಿದಾರೆ. ಆ್ಯಪ್ ಮಾಡಿಕೊಡೋರು ಬೇಕಂತೆ. ಸುಮ್ನೆ ಕೂತಿರೋ ಬದ್ಲು ಟ್ರೈ ಮಾಡ್ಬಾರ್ದಾ?"

ಅಜ್ಜನ ಹೆಸರು ಕುರೋದಾ. ಊರು ಇಚಿಕಾವಾ. ಭೂಕಂಪಕ್ಕೆ ಹೆಂಚು ಜಾರಿದ ಎಷ್ಟೋ ಮನೆಗಳ ಮೇಲೆ ಇನ್ನೂ ನೀಲಿ ಟಾರ್ಪಾಲೇ ಇತ್ತು, ಏಕೆಂದರೆ ಆ ಹಳೆಯ ಅಚ್ಚಿನ ಹೆಂಚನ್ನು ಈಗ ಯಾರೂ ಸುಡುವುದಿಲ್ಲ. ಆದರೆ ಅದರ ಜೋಡಿ ಇನ್ನಾರದೋ ಶೆಡ್ಡಿನಲ್ಲಿ ಬಿದ್ದಿರುತ್ತದೆ. ಮುದುಕನ ಯೋಚನೆ ಇದು: ಒಡೆದ ಹೆಂಚಿನ ಫೋಟೋ ತೆಗೆದರೆ ಅದರ ಜೋಡಿ ಯಾರ ಬಳಿ ಇದೆಯೆಂದು ಫೋನು ಹೇಳಬೇಕು, ಒತ್ತಿದರೆ ಅವರಿಗೇ ಕರೆ ಹೋಗಬೇಕು. ಕುರೋದಾ ಐವತ್ತು ವರ್ಷದಿಂದ ಹೆಂಚುಗಳ ಆಕಾರ ಬರೆದಿಟ್ಟ ಪುಸ್ತಕವಿತ್ತು, ತನ್ನದೂ ಸೇರಿ ಅರವತ್ತು ಹೆಂಚು ಕೆಲಸಗಾರರ ನಂಬರಿತ್ತು. ಇಲ್ಲದ್ದು ಆ್ಯಪ್ ಮಾಡಲು ಬಲ್ಲವನೊಬ್ಬ. ಸಾಫ್ಟ್‌ವೇರ್ ಕಂಪನಿಗಳೆಲ್ಲ ವಿನಯದಿಂದಲೇ ಬಾಗಿಲು ತೋರಿಸಿದ್ದವು. ಶ್ರೀಕಂಠ ಒಪ್ಪಿದಾಗ ಮುದುಕ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕರಾರು ಬರೆಯಲಿಲ್ಲ, ಮಾತೇ ಸಾಕೆಂದ. ಕೇಳಿದ್ದು ಒಂದೇ: ಹೆಂಚಿನವರಿಗೆಲ್ಲ ಇದು ಪುಕ್ಕಟೆ ಸಿಗಬೇಕು, ದೊಡ್ಡ ಕಂಪನಿಗಳ ಕೈಗೆ ಹೋಗಬಾರದು.

ನಾಲ್ಕು ತಿಂಗಳು, ಪ್ರತಿ ಶನಿವಾರ ಬೆಳಿಗ್ಗೆ, ಶ್ರೀಕಂಠ ಕುರೋದಾನ ಹೆಂಚಿನ ಶೆಡ್ಡಿನಲ್ಲಿ ಕೂತ. ಮುದುಕನ ಸೊಂಟಪಟ್ಟಿಯಲ್ಲಿ ಸುತ್ತಿಗೆಯ ಪಕ್ಕ ಎರಡು ಫೋನು. ಒಂದಕ್ಕೆ ಟೇಪು ಸುತ್ತಿತ್ತು. ಎರಡು ಯಾಕೆಂದು ಒಮ್ಮೆ ತಮಾಷೆಗೆ ಕೇಳಿದಾಗ ಮುದುಕ ಟೇಪು ಸುತ್ತಿದ್ದನ್ನು ತಟ್ಟಿ ತೋರಿಸಿದ್ದ.

"ಇದು ತೀರಿಹೋದ ಜೊತೆಗಾರನದು. ಅವನು ಹೊದಿಸಿದ ಮಾಡು ಸೋರಿದರೆ ಜನ ಇದಕ್ಕೇ ಕರೆ ಮಾಡುತ್ತಾರೆ. ಯಾರಾದರೂ ಓಗೊಡಬೇಕಲ್ಲ."

ಶ್ರೀಕಂಠ ಹೆಂಚಿನ ಫೋಟೋ ತೆಗೆಯುತ್ತ ಹೂಂಗುಟ್ಟಿದ.

ವೀಸಾ ಮುಗಿಯಲು ಮೂರು ವಾರ ಉಳಿದಾಗ, ಆ್ಯಪ್ ಸಿದ್ಧವಾಗಿದ್ದ ಹೊತ್ತಿಗೇ, ಅವನ ಕೆಲಸದ ಅರ್ಜಿಯೊಂದಕ್ಕೆ ನಗೋಯಾದಿಂದ ಕರೆ ಬಂತು. ಮನೆ ರಿಪೇರಿಯ ದೊಡ್ಡ ಕಂಪನಿ, ಯಜಮಾನ ಮತ್ಸುಓಕಾ. ಇಂಥದೇ ಆ್ಯಪ್ ಸ್ವಂತ ಕೈಯಿಂದ ಮಾಡಿ ತರುವವನಿಗೆ ಕೆಲಸ, ಅದೇ ವಾರ ವೀಸಾ ಕಾಗದ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆಯಂತೆ. ಇದು ಹುಲ್ಲುಕಡ್ಡಿಯಲ್ಲ, ದೋಣಿ. ದೋಣಿ ಇನ್ನೊಬ್ಬನದು, ಅಷ್ಟೇ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಶ್ರೀಕಂಠ ಒಂದೊಂದಾಗಿ ಮಾಡಿದ. ಮೊದಲು ಒಂದು ಡಬ್ಬ ಸಿಹಿಯೊಂದಿಗೆ ಪುಸ್ತಕ ಹಿಂದಿರುಗಿಸಿ, "ಸುಮಿಮಾಸೆನ್, ಕ್ಷಮಿಸಬೇಕು, ಎಷ್ಟು ಮಾಡಿದರೂ ಫೋನಿಗೆ ಹೆಂಚಿನ ಗುರುತು ಹತ್ತುತ್ತಿಲ್ಲ" ಎಂದು ತಲೆ ಬಗ್ಗಿಸಿದ. ಕುರೋದಾ ಅವನಿಗಿಂತ ಕೆಳಗೆ ಬಗ್ಗಿ, "ನೀವೊಬ್ಬರಾದರೂ ಪ್ರಯತ್ನಪಟ್ಟಿರಿ" ಎಂದ. ಶ್ರೀಕಂಠನಿಗೆ ನಾಚಿಕೆಯಾಯಿತು, ಕಣ್ಣಲ್ಲಿ ನೀರೂ ಬಂತು. ಆದರೆ ನಾಚಿಕೆಯಿಂದ ವೀಸಾ ಸಿಗುವುದಿಲ್ಲ.

ಆಮೇಲೆ ಪುಸ್ತಕದಿಂದ ತೆಗೆದುಕೊಂಡಿದ್ದ ಎಲ್ಲ ಚಿತ್ರಗಳನ್ನೂ ಕಂಪ್ಯೂಟರಿನಲ್ಲಿ ಹೊಸದಾಗಿ ಬರೆದ. ಫೈಲುಗಳ ತಾರೀಖನ್ನು ಕುರೋದಾನ ಪರಿಚಯವಾಗುವ ಮೊದಲಿನದಾಗಿ ತಿದ್ದಿದ. ಮುದುಕ ಮೇಲ್ ಬರೆದವನಲ್ಲ, ಸಾಕ್ಷಿಯ ಚಿಂತೆಯಿಲ್ಲ. ಉಳಿದ ಹೆಂಚಿನವರಿಗೆ ವಿಷಯವೇ ಗೊತ್ತಿಲ್ಲ, ಎಲ್ಲ ಮುಗಿದ ಮೇಲೆ ಹೇಳಿ ಬೆರಗುಗೊಳಿಸೋಣವೆಂದು ಮುದುಕ ಬಾಯಿಬಿಟ್ಟಿರಲಿಲ್ಲ. ಪಟ್ಟಿಯಲ್ಲಿ ಕುರೋದಾನ ಹೆಸರು, ನಂಬರು ಅಳಿಸಿ, ಮೂರು ಸಲ ಹುಡುಕಿ ನೋಡಿದ. ಇರಲಿಲ್ಲ. ಉಳಿದ ಐವತ್ತೊಂಬತ್ತು ಮಂದಿಯನ್ನು ಹಾಗೇ ಬಿಟ್ಟ.

"ನಗೋಯಾ ವಿಷ್ಯ ಅಜ್ಜಂಗೆ ಹೇಳಿದ್ರಾ?" ಎಂದಳು ವಸುಂಧರಾ, ಅವನ ಅಂಗಿ ಇಸ್ತ್ರಿ ಮಾಡುತ್ತ.

"ಹೇಳ್ದೆ ಕಣೆ. ತುಂಬಾ ಖುಷಿಪಟ್ರು."

ನಗೋಯಾದಲ್ಲಿ ಎಲ್ಲ ಹೂವೆತ್ತಿದಷ್ಟು ಸುಲಭವಾಯಿತು. ಇದು ಪೂರ್ತಿ ನನ್ನದೇ ಕೆಲಸ ಎಂಬ ಕಾಗದಕ್ಕೆ ಶ್ರೀಕಂಠ ಸಹಿ ಹಾಕಿ ಮುದ್ರೆ ಒತ್ತಿದ. ಮತ್ಸುಓಕಾ ಚಿಬಾದ ತನ್ನ ತಾಯಿಯ ಮನೆಯಿಂದ ತಂದಿದ್ದ ಒಡಕು ಹೆಂಚನ್ನು ಮೇಜಿನ ಮೇಲಿಟ್ಟು ಫೋಟೋ ತೆಗೆದ. ಮೂರೇ ಸೆಕೆಂಡಿನಲ್ಲಿ ಹೆಸರು ಬಂತು: ತನಬೆ.

"ಅರೆ, ನಮ್ಮ ಮಾಡು ಹೊದಿಸಿದವರೇ ಇವರು!" ಮತ್ಸುಓಕಾ ಹಿಗ್ಗಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ, ಕರೆಯ ಗುಂಡಿ ಒತ್ತಿದ. ಹಂಸಾಳಿಗೆ ಏನು ಕೊಂಡುಹೋಗಲಿ ಎಂದು ಶ್ರೀಕಂಠ ಆಗಲೇ ಯೋಚಿಸುತ್ತಿದ್ದ.

ಮೂರನೇ ರಿಂಗಿಗೆ ಗೊಗ್ಗರು ದನಿಯೊಂದು ಓಗೊಟ್ಟಿತು: "ಇದು ತನಬೆಯ ಫೋನು. ಅವನು ತೀರಿಹೋದ. ಅವನ ಬದಲು ಕುರೋದಾ ಮಾತಾಡುತ್ತಿದ್ದೇನೆ." ಆ್ಯಪ್ ತೋರಿಸಿದ ನಂಬರಿದು, ಶ್ರೀಕಂಠ-ಸಾನ್ ಮಾಡಿದ್ದು ಎಂದು ಮತ್ಸುಓಕಾ ವಿವರಿಸಿದ. ಆ ಕಡೆಯಿಂದ ಮುದುಕ ಮಗುವಿನಂತೆ ಕೂಗಿದ: "ಕೊನೆಗೂ ಹತ್ತಿತೇ ನಮ್ಮ ಹೆಂಚಿನ ಗುರುತು? ಅಲ್ಲೇ ಇದ್ದಾರಾ ಅವರು? ಫೋನು ಕೊಡಿ, ನನ್ನ ಪುಸ್ತಕದಲ್ಲಿ ಇನ್ನೂ ಹನ್ನೆರಡು ಹೆಂಚು ಸೇರಿಸುವುದಿದೆ!" ಮತ್ಸುಓಕಾ ಮುದ್ರೆ ಒತ್ತಿದ ಕಾಗದವನ್ನೊಮ್ಮೆ ನೋಡಿ, ಎರಡೂ ಕೈಯಲ್ಲಿ ಫೋನನ್ನು ಶ್ರೀಕಂಠನ ಮುಂದೆ ಹಿಡಿದ.