ಬಲಗೈಯ ರಾಜದಂಡ

ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವುದರಲ್ಲಿ ನಮ್ಮ ತಾತ ಎತ್ತಿದ ಕೈ. ರಾಜನ ಚಿತ್ರದಲ್ಲಿ ಮಾತ್ರ ಎಡವಿದ್ದರು. ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ ಎಂಬುದನ್ನು ಮರೆತು, ತಗಡಿನಲ್ಲೇ ರಾಜದಂಡವನ್ನು ಬಲಗೈಗೆ ಕೊಟ್ಟಿದ್ದರು. ಕಾಗದದ ಮೇಲೆ ಅದು ಎಡಗೈಗೆ ಬಂತು. ಅರಮನೆಯವರು ನಕ್ಕು ವಾಪಸು ಕಳಿಸಿದರು. ಸಾಯುವವರೆಗೂ ತಾತ ಆ ತಗಡನ್ನು ಮುಟ್ಟಲಿಲ್ಲ.

ಅವರು ತೀರಿಕೊಂಡ ಮೇಲೆ, ಒಂದು ಮಧ್ಯಾಹ್ನ, ನೆನಪಿಗೊಂದು ಪ್ರತಿ ಇರಲಿ ಎಂದು ನಾನೂ ಸೋದರತ್ತೆಯೂ ಅದಕ್ಕೆ ಶಾಯಿ ಹಚ್ಚಿದೆವು. ತಗಡು ಬೆಚ್ಚಗಿತ್ತು, ಯಾರೋ ಈಗಷ್ಟೇ ಅಂಗೈ ಊರಿ ಎದ್ದ ಹಾಗೆ. ಅಚ್ಚಿನ ಯಂತ್ರ ತಿರುಗಿಸುವಾಗ ಕಿವಿಯ ಪಕ್ಕದಲ್ಲೇ ‘ಉಫ್’ ಎಂದಿತು. ತಾತ ತಾಮ್ರದ ಪುಡಿ ಊದುತ್ತಿದ್ದುದು ಹಾಗೆಯೇ.

“ನೀನೇನೇ ಊದಿದ್ದು?” ಎಂದರು ಅತ್ತೆ.

“ನಾನಲ್ಲತ್ತೆ. ನೀವು ಅಂದ್ಕೊಂಡೆ.”

ಕಾಗದ ಎತ್ತಿದೆವು. ರಾಜನ ಸೊಂಟದ ಕತ್ತಿ ಹಳೆಯ ಅಚ್ಚಿನಲ್ಲಿದ್ದಂತೆ ಅದಲುಬದಲಾಗಿ ತಪ್ಪು ಬದಿಗೇ ಇತ್ತು. ರಾಜದಂಡ ಮಾತ್ರ ಬಲಗೈಯಲ್ಲಿತ್ತು.

ಅತ್ತೆ ಕಣ್ಣೊರೆಸಿಕೊಂಡು ನಕ್ಕರು. “ನಮ್ಮಪ್ಪ ಅಲ್ವಾ, ಸುಮ್ನೆ ಬಿಡ್ತಾರಾ? ತಿದ್ದಿದಾರೆ ನೋಡು.”

ತಿದ್ದಿದ್ದರೆ ತಗಡಿನಲ್ಲಿ ಅದು ಎಡಗೈಗೆ ಹೋಗಿರಬೇಕಲ್ಲ ಎಂದು ಬಗ್ಗಿ ನೋಡಿದೆ.

ಅಲ್ಲೂ ಬಲಗೈಯಲ್ಲೇ ಇತ್ತು. ಇವತ್ತಿಗೂ ಎರಡರಲ್ಲೂ ಹಾಗೇ ಇದೆ.