ಹಣೆಯ ನಡುವಿನ ಗೆರೆ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಹಳೆಯ ವೆಲ್ಡಿಂಗ್ ಶೆಡ್ಡೊಂದರ ಮಾಲೀಕ ಏದುಸಿರು ಬಿಡುತ್ತ ಠಾಣೆಗೆ ಬಂದ. ಪೈಪು ಹಾಕಲು ನೆಲ ಅಗೆಸಿದಾಗ ಕಾಂಕ್ರೀಟಿನಡಿ ಮನುಷ್ಯನ ಬುರುಡೆ ಸಿಕ್ಕಿತ್ತು. ಹಿಂದಿನ ದಿನವಿಡೀ ಬಂದೋಬಸ್ತಿನಲ್ಲಿ ನಿಂತು ಕಾಲು ಊದಿಸಿಕೊಂಡಿದ್ದ ಇನ್ಸ್‌ಪೆಕ್ಟರ್ "ಉಸ್ಸಪ್ಪಾ" ಎನ್ನುತ್ತ ಎದ್ದರು. ಎಫ್‌ಐಆರ್ ಆಯಿತು, ಪಂಚನಾಮೆ ಆಯಿತು, ಎಲುಬುಗಳು ಶವಾಗಾರ ಸೇರಿದವು. ಬುರುಡೆಯ ಹಿಂಭಾಗ ಒಡೆದಿತ್ತು.

"ಗಂಡಸು, ನಲವತ್ತರ ಆಸುಪಾಸು," ಎಂದರು ವೈದ್ಯೆ. "ನೋಡಿ, ಹಣೆ ಮಧ್ಯೆ ಹೊಲಿಗೆ ಹಾಕಿದ ಹಾಗೆ ಗೆರೆ. ಎಳೇ ಮಕ್ಕಳಿಗೆಲ್ಲ ಇರುತ್ತೆ, ಆಮೇಲೆ ಕೂಡ್ಕೊಂಡ್ಬಿಡುತ್ತೆ. ಎಲ್ಲೋ ಕೆಲವರಿಗೆ ಉಳಿಯುತ್ತೆ."

"ಹಣೆಬರಹ ಅಂದ್ರೆ ಇದೇನಾ ಮೇಡಂ?" ಕಾನ್‌ಸ್ಟೇಬಲ್ ಕೇಳಿದ.

"ಗುರುತಿಗೆ ಇಷ್ಟು ಸಾಕಾ?" ಎಂದರು ಇನ್ಸ್‌ಪೆಕ್ಟರ್.

"ಸಾಲದು. ತಲೆಯ ಹಳೇ ಎಕ್ಸ್‌ರೇ ಬೇಕು. ಹಣೆಯೊಳಗಿನ ಸೈನಸ್, ಅಂದ್ರೆ ಎಲುಬಿನೊಳಗಿನ ಗಾಳಿಗೂಡಿನ ಆಕಾರ ಒಬ್ಬರದ್ದಿದ್ದ ಹಾಗೆ ಇನ್ನೊಬ್ಬರದ್ದು ಇರಲ್ಲ."

ಕಾಣೆಯಾದವರ ಕಡತಗಳನ್ನು ತೆಗೆಸಿದರು. ಆ ಶೆಡ್ಡನ್ನು ಹಿಂದೆ ಬಾಡಿಗೆಗೆ ಹಿಡಿದಿದ್ದ ವೆಲ್ಡರನ ಭಾವ ಆರು ವರ್ಷದಿಂದ ಪತ್ತೆಯಿರಲಿಲ್ಲ. ಕಾಣೆಯಾದವನ ಹೆಂಡತಿ, ಅಂದರೆ ವೆಲ್ಡರನ ಅಕ್ಕ, ಮತ್ತು ವೆಲ್ಡರ್ ಇಬ್ಬರೂ ಇನ್ಸ್‌ಪೆಕ್ಟರಿಗೆ ಗುರುತಿನವರೇ. ಆಗಾಗ ಜೊತೆಯಾಗಿ ಠಾಣೆಗೆ ಬಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ಪೊಲೀಸರು ಮನೆಗೆ ಬಂದು ಕೇಳಿದಾಗ ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಬೀರುವಿನಿಂದ ಎಕ್ಸ್‌ರೇ ತೆಗೆದುಕೊಟ್ಟಳು. ಗಂಡನಿಗೆ ತಲೆನೋವು ಬಿಡದೆ ಕಾಡಿದಾಗ ತೆಗೆಸಿದ್ದು.

ವೈದ್ಯೆ ಬುರುಡೆಗೂ ಅದೇ ಕೋನದಲ್ಲಿ ಎಕ್ಸ್‌ರೇ ತೆಗೆಸಿ, ಎರಡನ್ನೂ ಬೆಳಕಿಗೆ ಹಿಡಿದರು. ಎರಡರಲ್ಲೂ ಸೈನಸ್ಸಿನ ಎಡಕ್ಕೆ ಮೂರು ಉಬ್ಬು, ಬಲಕ್ಕೆ ಒಂದೇ. ನಡುವಿನ ಗೆರೆಯೂ ಅದೇ.

"ಅವನೇ," ಎಂದರು.

ವೆಲ್ಡರನನ್ನು ಠಾಣೆಗೆ ಕರೆತಂದರು.

"ಆ ಕಾಂಕ್ರೀಟು ಹಾಕಿದ್ದು ಯಾರು?"

"ನಾನೇ ಸಾರ್."

"ಯಾವಾಗ?"

"ಭಾವ ಕಾಣೆಯಾದ ವಾರ." ಆತ ತಲೆ ಎತ್ತಲಿಲ್ಲ. "ಅಕ್ಕನ ಕೈ ಮುರಿದಿದ್ದ. ಯಾಕೆ ಹೊಡೆದೆ ಅಂತ ಕೇಳೋಕೆ ಕರೆಸ್ದೆ. ನಕ್ಕುಬಿಟ್ಟ. ನನ್ನ ಕೈಯಲ್ಲಿ ಕಬ್ಬಿಣದ ಪಟ್ಟಿ ಇತ್ತು."

"ಮತ್ತೆ ಅವಳನ್ನ ಇಲ್ಲಿಗೆ ಯಾಕೋ ಕರ್ಕೊಂಡು ಬರ್ತಿದ್ದೆ?"

"ಅಕ್ಕ ದಾರಿ ಕಾಯ್ತಿದ್ಲು. ಸತ್ತ ಅನ್ನೋಕೆ ಬಾಯಿ ಬರ್ಲಿಲ್ಲ."

ಬಂಧನದ ವಿಷಯವನ್ನು ಮನೆಯವರಿಗೆ ತಿಳಿಸಬೇಕಿತ್ತು. ಕಾನ್‌ಸ್ಟೇಬಲನನ್ನು ಕಳಿಸದೆ ಇನ್ಸ್‌ಪೆಕ್ಟರ್ ತಾವೇ ಹೋದರು. ಅಕ್ಕ ದಾರಿ ಕಾಯುತ್ತಿದ್ದಳೆಂದು ವೆಲ್ಡರ್ ಹೇಳಿದ್ದನ್ನೂ ಆಕೆಗೆ ಹೇಳಿದರು.

"ದಾರಿ ಕಾಯ್ತಿದ್ನಾ? ನಾನಾ?" ಎಂದಳು. "ಸಿಕ್ಕಿಲ್ಲಮ್ಮ ಅಂತ ನೀವು ಅಂದ ದಿನ ಮಾತ್ರ ನಂಗೆ ನಿದ್ದೆ ಬರ್ತಿತ್ತು ಸಾರ್. ಗಂಡ ಬರೋದು ಬೇಡ ಅಂತ ನಾನೂ ಬಾಯಿಬಿಟ್ಟು ಹೇಳ್ಲಿಲ್ಲ, ಸತ್ತ ಅಂತ ತಮ್ಮನೂ ಹೇಳ್ಲಿಲ್ಲ."

ಇನ್ಸ್‌ಪೆಕ್ಟರ್ ಹೊರಟರು. ಬಾಗಿಲ ಬಳಿ ಬಂದಾಗ ಆಕೆ ಕೇಳಿದಳು:

"ತಮ್ಮನ್ನ ನೋಡೋಕೆ ಬಿಡ್ತೀರಾ?"