ನಾಟಕದಲ್ಲಿಲ್ಲದ ಪುಟ

"ಬ್ರಾಕೆಟ್ ಒಳಗೆ 'ಅವನ ಎದೆ ತುಂಬಿ ಬಂತು' ಅಂತ ಬರೆದ್ರೆ, ಕೊನೇ ಸಾಲಲ್ಲಿ ಕೂತವರಿಗೆ ಅದು ಹೇಗೆ ಕಾಣಿಸ್ಬೇಕು ಮೇಷ್ಟ್ರೇ?"

ಗಣಿತದ ಮೇಷ್ಟ್ರು ತಮ್ಮ ಮೊದಲ ನಾಟಕ ಬರೆದು ತಂದ ದಿನ ಅವಳು ಕೇಳಿದ ಮೊದಲ ಮಾತೇ ಇದು. ಪರದೆಯ ಮರೆಯಲ್ಲಿ ನಿಂತು, ನಟರು ಮರೆತ ಮಾತನ್ನು ಎತ್ತಿಕೊಡುವವಳು ಅವಳು. ತಂಡದವರ ಬಾಯಲ್ಲಿ ಪ್ರಾಂಪ್ಟಮ್ಮ. ಸ್ಕ್ರಿಪ್ಟ್ ಟೈಪ್ ಮಾಡುವುದೂ ಅವಳೇ.

"ಮತ್ತೇನ್ ಬರೀಲಿ?"

"ಕಣ್ಣಿಗೆ ಕಾಣೋದು. ಎದ್ದ, ಕೂತ, ಬಾಗಿಲು ಹಾಕ್ದ. ಪಾತ್ರದ ಹೆಸರು ಸಾಲಿನ ನಡುವೆ ಬರ್ಲಿ, ಮಾತು ಅದರ ಕೆಳಗೆ. ಓದೋವಾಗ ನಟ ತಡಕಾಡಬಾರದು."

ಮೇಷ್ಟ್ರು ತಲೆಯಾಡಿಸಿದರು. ಆದರೆ ಅವರ ಕಣ್ಣು ಕಾಗದದ ಮೇಲಿರಲಿಲ್ಲ, ಅವಳ ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ಸಿಲ್ ಮೇಲಿತ್ತು. ಅವಳು ನೋಡಿದ ಕೂಡಲೇ ಕನ್ನಡಕ ತೆಗೆದು ಒರೆಸತೊಡಗಿದರು.

ಆಮೇಲೆ ಮೂರು ತಿಂಗಳು ಪ್ರತಿ ಶನಿವಾರವೂ ಬಂದರು. ತಿದ್ದುವುದು ಒಂದು ಸಾಲು, ಕೂರುವುದು ಎರಡು ಗಂಟೆ. ಅವಳಿಗೂ ಶನಿವಾರ ಬಂತೆಂದರೆ ಬೇರೆ ಕೆಲಸಕ್ಕೆ ಕೈ ಓಡುತ್ತಿರಲಿಲ್ಲ. ಆದರೆ ನಾಯಕಿಗೆಂದು ಮೇಷ್ಟ್ರು ಬರೆದ ಮಾತುಗಳ ಸೊಗಸು ನೋಡಿ, ಇದೆಲ್ಲ ಆ ಪಾತ್ರ ಮಾಡುವ ಚೆಲುವೆಗಾಗಿಯೇ ಎಂದು ತೀರ್ಮಾನಿಸಿಬಿಟ್ಟಿದ್ದಳು.

ಕೊನೆಯ ಪ್ರತಿ ಕೈಗೆ ಬಂದಾಗ ಅವಳಿಗೆ ಎಲ್ಲದರ ಮೇಲೂ ಸಿಟ್ಟು ಬಂತು. ಇದೂ ಮುಗಿದರೆ ಮೇಷ್ಟ್ರಿಗೆ ಇಲ್ಲೇನು ಕೆಲಸ? ಆ ಸಿಟ್ಟಿನಲ್ಲೇ ಟೈಪ್ ಮಾಡಿದಳು. ಅಂಚು ನೋಡಿದಳು, ಬ್ರಾಕೆಟ್ ನೋಡಿದಳು, ಅರ್ಥ ಮಾತ್ರ ನೋಡಲಿಲ್ಲ. ಮೇಷ್ಟ್ರು ಕೊಟ್ಟ ಕಟ್ಟಿನ ನಡುವೆ ಪುಟಸಂಖ್ಯೆಯಿಲ್ಲದ ಹಾಳೆಯೊಂದಿತ್ತು. ಅದನ್ನೂ ಟೈಪ್ ಮಾಡಿ, ನಂಬರ್ ಹಾಕಿ, ಎಂಟು ಪ್ರತಿ ತೆಗೆದು ಹಂಚಿದಳು.

ಮರುದಿನ ಎಲ್ಲರೂ ಕೂತು ಓದುವ ಕಾರ್ಯಕ್ರಮ. ನಿರ್ದೇಶಕರು ಅವಳ ಸೋದರಮಾವ. ಅಂಚೆಯವನ ಪಾತ್ರ ಮಾಡುವ ನಾಯಕ ನಲವತ್ತೊಂದನೆಯ ಪುಟ ತಿರುವಿ, 'ಅವನು' ಎಂಬ ಹೆಸರಿನ ಕೆಳಗಿದ್ದ ಮಾತನ್ನು ತನ್ನದೆಂದುಕೊಂಡು ದನಿ ಏರಿಸಿ ಓದಿದ.

"ನಾಟಕ ಮುಗೀತು. ಇನ್ನು ಶನಿವಾರ ಬರೋಕೆ ನನ್ಹತ್ರ ನೆಪ ಇಲ್ಲ. ನೀವು ತಿದ್ದೋದು ನೋಡ್ತಾ ಕೂರೋಕೇಂತ ಬೇಕಂತಲೇ ತಪ್ಪು ಬರ್ಕೊಂಡ್ ಬರ್ತಿದ್ದೆ. ನೆಪ ಇಲ್ದೇನೂ ಬರಬಹುದಾ?"

ಅವನೇ ತಲೆ ಕೆರೆದುಕೊಂಡ. "ನಾನು ಅಂಚೆಯವನಲ್ವಾ? ನಂದ್ಯಾವ ನಾಟಕ ಮುಗೀತು?"

ಮೇಷ್ಟ್ರು ಎದ್ದು ನಿಂತಿದ್ದರು. ಕಿವಿಯವರೆಗೂ ಕೆಂಪಾಗಿದ್ದರು.

"ಅದು ನಾಟಕದ ಹಾಳೆ ಅಲ್ಲ. ಹೇಳೋಕೆ ಧೈರ್ಯ ಬರಲಿ ಅಂತ ಮನೇಲಿ ಬರ್ಕೊಂಡಿದ್ದೆ. ಕ್ಷಮಿಸಿ."

ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದರು.

ಆ ಮಾತು ತನಗೆಂದು ಅವಳಿಗೆ ಆಗ ಅರ್ಥವಾಯಿತು. ತನ್ನ ಕೈಯಾರೆ ಎಂಟು ಪ್ರತಿ ತೆಗೆದು ಆ ಮನುಷ್ಯನ ಮಾನ ಹರಾಜಿಗಿಟ್ಟಿದ್ದಳು. ಈಗ ಅವರು ಹೊರಟೇಬಿಟ್ಟರೆ ಮತ್ತೆ ಈ ಹೊಸಿಲು ತುಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮಾವ ನಿಧಾನವಾಗಿ ಪುಟದ ಮೇಲೆ ಬೆರಳಾಡಿಸಿದರು. "ಕೆಳಗೆ 'ಅವಳು' ಅಂತ ಹೆಸರಿದೆ, ಮಾತೇ ಇಲ್ವಲ್ಲ. ಪ್ರಾಂಪ್ಟಮ್ಮ, ಇದು ನಿನ್ನ ಕೆಲಸ ಅಲ್ವೇನಮ್ಮ?"

ಇಷ್ಟು ವರ್ಷ ಅವಳು ಎತ್ತಿಕೊಟ್ಟದ್ದೆಲ್ಲ ಬೇರೆಯವರ ಮಾತು, ಅದೂ ಪಿಸುದನಿಯಲ್ಲಿ. ಎದ್ದು ನಿಂತಳು. ಈಗ ಇಡೀ ಕೋಣೆಗೆ ಕೇಳುವಂತೆ ಹೇಳಿದಳು.

"ಶನಿವಾರದವರೆಗೂ ಯಾಕೆ ಕಾಯ್ಬೇಕು ಮೇಷ್ಟ್ರೇ? ನಾಳೇನೇ ಬನ್ನಿ."

ಮೇಷ್ಟ್ರು ಬಾಗಿಲಲ್ಲೇ ಚೀಲ ಕೆಳಗಿಟ್ಟರು.